ಮುಂದಿನ ಗಾಡಿಯ ಮರೆಯಲ್ಲಿ

ಹೋದ ದೀಪಾವಳಿಗೆ ಬೆಂಗಳೂರಿನಿಂದ ಊರಿಗೆ ಹೊರಟಾಗ ರಾತ್ರಿ ಹತ್ತೂವರೆ ಆಗಿತ್ತು. ಪಕ್ಕದ ಸೀಟಿನಲ್ಲಿ ನಮ್ಮ ಕಾಕಾ. ಕಣ್ಣಿನ ಪೊರೆ ತೆಗೆಸಿಕೊಳ್ಳೋಕೆ ಬಂದವರು ಹದಿನೈದು ದಿನ ನಮ್ಮ ಫ್ಲ್ಯಾಟಿನಲ್ಲಿದ್ದು, ಬಾಲ್ಕನಿಯಿಂದ ಕಾಣುವ ರಿಂಗ್ ರೋಡಿನ ಲಾರಿಗಳನ್ನು ಎಣಿಸಿ ಎಣಿಸಿ ಬೇಸತ್ತು, ಹಬ್ಬಕ್ಕೆ ಊರು ಸೇರಲೇಬೇಕು ಅಂತ ಹಟ ಹಿಡಿದಿದ್ದರು. ಹಿರಿಯೂರು ದಾಟಿದ ಮೇಲೆ ನನ್ನ ಮುಂದೆ ಒಂದು ಕಂಟೇನರ್ ಲಾರಿ ಸಿಕ್ಕಿತು. ಎಂಬತ್ತರ ಹದವಾದ ವೇಗ. ನಾನು ಅದರ ಹಿಂದೆ ಸೇರಿಕೊಂಡೆ. ಡ್ಯಾಶ್‌ಬೋರ್ಡಿನಲ್ಲಿ ಮೈಲೇಜ್ ಅಂಕಿ ಹದಿನೇಳರಿಂದ ಹತ್ತೊಂಬತ್ತಕ್ಕೆ ಏರಿತು. ಖುಷಿಯಾಗಿ ಇನ್ನಷ್ಟು ಹತ್ತಿರ ಹೋದೆ. ಇಪ್ಪತ್ತು ತೋರಿಸಿತು.

ಕಾಕಾ ನಿದ್ದೆಯಲ್ಲಿದ್ದಾರೆ ಅಂದುಕೊಂಡಿದ್ದೆ.

"ತಮ್ಮಾ, ಹಿಂದ ಸರಿ" ಅಂದರು. "ಅವನ ಬಾಲ ಹಿಡೀಬ್ಯಾಡ."

"ಪೆಟ್ರೋಲ್ ಉಳೀತದ ಕಾಕಾ, ನೋಡ್ರಿ ಇಲ್ಲಿ" ಅಂದೆ.

"ಉಳೀತದ. ಅದು ನಂಗೂ ಗೊತ್ತೈತಿ. ಹಿಂದ ಸರಿ."

ಸರಿದೆ. ದಾವಣಗೆರೆ ಬರೋವರೆಗೂ ಅವರು ಮತ್ತೆ ಮಾತಾಡಲಿಲ್ಲ.

ನನಗೆ ಅದು ಚುಚ್ಚೋಕೆ ಒಂದು ಕಾರಣವಿತ್ತು. ನಾನು ಹೊಟ್ಟೆ ಹೊರೆಯೋದು ಲಾರಿಗಳಿಗೆ ದಾರಿ ಹೇಳುವ ಸಾಫ್ಟ್‌ವೇರ್ ಮೇಲೆ. ಆ ತಿಂಗಳಷ್ಟೇ ಆಫೀಸಿನಲ್ಲಿ ನನಗೊಂದು ಕೆಲಸ ಹಚ್ಚಿದ್ದರು: 'ಪ್ಲಟೂನಿಂಗ್' ಬಗ್ಗೆ ಇಪ್ಪತ್ತು ಸ್ಲೈಡ್ ಮಾಡು, ನಮ್ಮ ದೇಶದಲ್ಲಿ ಇದು ನಡೆಯುತ್ತಾ ಹೇಳು. ಪ್ಲಟೂನಿಂಗ್ ಅಂದರೆ ಭಾರೀ ಲಾರಿಗಳನ್ನು ಒಂದರ ಹಿಂದೆ ಒಂದು, ಹತ್ತು-ಹನ್ನೆರಡು ಮೀಟರ್ ಅಂತರದಲ್ಲಿ ಸಾಲಾಗಿ ಓಡಿಸಿ ಡೀಸೆಲ್ ಉಳಿಸುವ ವಿದ್ಯೆ. ಮುಂದಿನ ಲಾರಿ ಗಾಳಿಯನ್ನು ಸೀಳಿಕೊಂಡು ಹೋಗುತ್ತೆ, ಹಿಂದಿನದು ಆ ಮರೆಯಲ್ಲಿ ಸಲೀಸಾಗಿ ಬರುತ್ತೆ. ಮುಂದಿನದಕ್ಕೂ ಸ್ವಲ್ಪ ಲಾಭ ಇದೆ. ಓಡುವ ಲಾರಿಯ ಬೆನ್ನ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಅದು ಲಾರಿಯನ್ನೇ ಹಿಂದಕ್ಕೆ ಜಗ್ಗುತ್ತಿರುತ್ತೆ. ಹಿಂದೆ ಇನ್ನೊಂದು ಲಾರಿ ಅಂಟಿಕೊಂಡು ಬಂದರೆ ಆ ಜಗ್ಗಾಟ ತಗ್ಗುತ್ತೆ.

ಇದೆಲ್ಲ ಸ್ವೀಡನ್ನಿಂದಲೋ ಕ್ಯಾಲಿಫೋರ್ನಿಯಾದಿಂದಲೋ ಬಂದ ಹೊಸ ಸಂಗತಿ ಅಂತ ನಾನು ತಿಳಿದಿದ್ದೆ. ದಾವಣಗೆರೆ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಕಾಕಾಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಇದರಾಗ ಹೊಸಾದೇನೈತಿ? ನಿಮ್ಮಜ್ಜನೂ ಮಾಡ್ಯಾನ, ನಾನೂ ಮಾಡೀನಿ" ಅಂದರು. "ಅಂವಾ ಸರಿ ಮಾಡಿದ. ನಾ ತಪ್ಪು ಮಾಡಿದೆ."

ಈ ಮಾತು ಹಿಡಿದುಕೊಂಡು ಹುಡುಕುತ್ತ ಹೋದವನಿಗೆ ಸಿಕ್ಕಿದ್ದು ನಮ್ಮೂರ ದಾರಿಯದೇ ಒಂದು ಚರಿತ್ರೆ.

ನಮ್ಮೂರು ಹೊಸರಿತ್ತಿ. ಹಾವೇರಿಯಲ್ಲಿ ಹೆದ್ದಾರಿ ಬಿಟ್ಟು ಒಳಗೆ ಹೋಗಬೇಕು, ವರದಾ ನದಿಯ ದಂಡೆ. ಸ್ವಾತಂತ್ರ್ಯ ಹೋರಾಟದ ಪಾಠ ಓದಿದವರಿಗೆ ಹೆಸರು ನೆನಪಿರಬಹುದು. ಗಾಂಧೀಜಿ ಜೊತೆ ದಂಡಿಗೆ ನಡೆದ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪ 1943ರ ಏಪ್ರಿಲ್ 1ರಂದು ಪೊಲೀಸರ ಗುಂಡಿಗೆ ಬಿದ್ದದ್ದು ಇಲ್ಲೇ. ಅದು ಬಿಟ್ಟರೆ ನಮ್ಮದು ಮೆಣಸಿನಕಾಯಿ, ಹತ್ತಿ, ಗೋವಿನಜೋಳದ ಊರು. ಬೆಳೆದದ್ದೆಲ್ಲ ಬ್ಯಾಡಗಿಗೋ ರಾಣೆಬೆನ್ನೂರಿಗೋ ಹಾವೇರಿಗೋ ಸಾಗಬೇಕು. ಸಾಗಾಟದ ಖರ್ಚು ಇಲ್ಲಿ ಯಾವಾಗಲೂ ರೈತನ ಮನೆಯ ಮಾತು.

ಡೀಸೆಲ್ ಬರುವ ಮೊದಲು ಸಾಗಾಟಕ್ಕೆ ಇಂಧನ ಅಂದರೆ ಹುಲ್ಲು. ಹುಲ್ಲು ಉಳಿಸುವ ವಿದ್ಯೆಯಲ್ಲಿ ಪಳಗಿದವರು ಲಂಬಾಣಿಗಳು, ಅಂದರೆ ಬಂಜಾರರು. ಇವತ್ತು ಹಾವೇರಿ ಸೀಮೆಯಲ್ಲಿ 'ತಾಂಡಾ' ಅಂದರೆ ಊರ ಹೊರಗಿನ ಲಂಬಾಣಿ ವಸತಿ. ಆದರೆ ತಾಂಡಾ ಅನ್ನೋದು ಮೊದಲಿಗೆ ಒಂದು ಜಾಗದ ಹೆಸರೇ ಅಲ್ಲ, ಚಲಿಸುವ ಸಾಲಿನ ಹೆಸರು. ಎತ್ತುಗಳ ಬೆನ್ನಿಗೆ ಧಾನ್ಯ, ಉಪ್ಪು ಹೇರಿಕೊಂಡು ಹೆಂಡತಿ ಮಕ್ಕಳ ಸಮೇತ ಸಾಗುವ ಸಾಲು. ಲಂಬಾಣಿ ಅನ್ನುವ ಹೆಸರೇ 'ಲವಣ'ದಿಂದ ಬಂತು ಅನ್ನುವವರಿದ್ದಾರೆ. ಪೀಟರ್ ಮುಂಡಿ ಎಂಬ ಇಂಗ್ಲಿಷ್ ಪ್ರವಾಸಿ 1632ರಲ್ಲಿ ಉತ್ತರ ಭಾರತದ ದಾರಿಯಲ್ಲಿ ಇಂಥ ಒಂದು ತಾಂಡಾ ಕಂಡು ಬರೆದಿಟ್ಟಿದ್ದಾನೆ: ಒಂದೇ ಸಾಲಿನಲ್ಲಿ 14,000 ಎತ್ತು. ದಿನಕ್ಕೆ ಆರೇಳು ಮೈಲಿಗಿಂತ ಹೆಚ್ಚು ನಡೆಯುತ್ತಿರಲಿಲ್ಲವಂತೆ.

ಹತ್ತು ಕಿಲೋಮೀಟರ್ ಅಂದರೆ ನಮಗೆ ಸಿಲ್ಕ್ ಬೋರ್ಡಿನಿಂದ ಮಾರತಹಳ್ಳಿಗೆ ಹೋದಷ್ಟು. (ಕೆಲವು ಸಂಜೆ ಎತ್ತೇ ಮೊದಲು ತಲುಪೀತು, ಅದು ಬೇರೆ ಮಾತು.) ಆದರೆ ಈ ನಿಧಾನದ ಒಳಗೇ ಲೆಕ್ಕ ಇತ್ತು. ಎತ್ತು ದಾರಿಬದಿಯ ಬೀಳುಭೂಮಿಯಲ್ಲಿ ಮೇಯುತ್ತ ಹೋದರೆ ಇಂಧನ ಪುಕ್ಕಟೆ. ಅವಸರ ಮಾಡಿದರೆ ಮೇಯಲು ಹೊತ್ತಿಲ್ಲ, ಆಗ ಬೆನ್ನ ಮೇಲಿನ ಸರಕನ್ನೇ ಅದಕ್ಕೆ ತಿನ್ನಿಸಬೇಕು. ಹಾಗಂತ ಒಬ್ಬೊಬ್ಬರೇ ಹೋಗುವ ಹಾಗೂ ಇಲ್ಲ; ಕಾಡು, ಕಳ್ಳರು, ಹೊಳೆ. ಗುಂಪಾಗಿ ಹೋದರೆ ಕಾವಲಿನ ಖರ್ಚು ಹಂಚಿಹೋಗುತ್ತೆ. ಇಡೀ ಸಾಲಿಗೆ ಒಬ್ಬ ನಾಯಕ. ಎಲ್ಲಿ ಇಳಿಯಬೇಕು, ಯಾವ ಹೊಳೆ ಯಾವಾಗ ದಾಟಬೇಕು ಅನ್ನೋದು ಅವನ ತೀರ್ಮಾನ. ಹದಿನಾಲ್ಕು ಸಾವಿರ ಎತ್ತಿಗೂ ಮುಂದಿನ ದಾರಿ ಕಾಣಬೇಕಿಲ್ಲ, ನಾಯಕನಿಗೆ ಕಂಡರೆ ಸಾಕು.

ಈ ಸಾಲುಗಳ ಬೆಲೆ ಚೆನ್ನಾಗಿ ಗೊತ್ತಿದ್ದವನು ಆರ್ಥರ್ ವೆಲ್ಲೆಸ್ಲಿ. ಮುಂದೆ ಡ್ಯೂಕ್ ಆಫ್ ವೆಲಿಂಗ್ಟನ್ ಆಗಿ ವಾಟರ್ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನು ಇವನೇ. ಅದಕ್ಕೂ ಎಷ್ಟೋ ವರ್ಷ ಮೊದಲು, 1800ರಲ್ಲಿ, ಇವನು ನಮ್ಮ ಎರೆಮಣ್ಣಿನ ಕೆಸರಿನಲ್ಲಿ ಕಾಲೆಳೆದುಕೊಂಡು ಓಡಾಡುತ್ತಿದ್ದ. ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿಂದ ತಪ್ಪಿಸಿಕೊಂಡ ಧೋಂಡಿಯಾ ವಾಘ್‌ನ ಬೆನ್ನು ಹತ್ತಿ, ತುಂಗಭದ್ರೆ ದಾಟಿ, ಜೂನ್ ಕೊನೆಗೆ ರಾಣೆಬೆನ್ನೂರಿನ ಕೋಟೆ ಹಿಡಿದು, ವರದಾ ದಂಡೆಯ ಕಡೆಗೆ ಬಂದ. ಮಳೆಗಾಲ, ಹೊಳೆ ತುಂಬಿದೆ. ಆ ದಿನಗಳ ಅವನ ಪತ್ರಗಳಲ್ಲಿ ತೋಪು ಬಂದೂಕಿನಷ್ಟೇ ಎತ್ತಿನ ಚಿಂತೆಯೂ ಇದೆ, ಬಂಜಾರರ ಚಿಂತೆಯೂ ಇದೆ. ಧಾನ್ಯದ ಸಾಲು ಹಿಂದೆ ಉಳಿದರೆ ಸೇನೆ ಮುಂದೆ ಹೋಗುವ ಹಾಗಿಲ್ಲ. ಧೋಂಡಿಯಾ ಆ ವರ್ಷದ ಸೆಪ್ಟೆಂಬರಿನಲ್ಲಿ ಸತ್ತ. ಚರಿತ್ರೆ ಪುಸ್ತಕದಲ್ಲಿ ಕುದುರೆ ದಂಡಿಗೆ ಹೆಸರು ಬಂತು. ಅವರ ಹೊಟ್ಟೆ ತುಂಬಿಸಿದ ಸಾಲಿನ ನಾಯಕರ ಹೆಸರು ನಮಗೆ ಉಳಿದಿಲ್ಲ.

ಬೆನ್ನ ಮೇಲಿನ ಹೇರು ಇಳಿದು ಚಕ್ಕಡಿ ಸಾಲು ಶುರುವಾದದ್ದು ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ, ಘಟ್ಟದ ರಸ್ತೆಗಳು ತೆರೆದಂತೆ. ಧಾರವಾಡ ಸೀಮೆಯ ಹತ್ತಿ ಶಿರಸಿ ಮೇಲೆ, ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿತ್ತು. ಎಷ್ಟರ ಮಟ್ಟಿಗೆ ಅಂದರೆ ನಮ್ಮ ಹೊಲದ ಹತ್ತಿಗೆ ಹೊರದೇಶದ ಪೇಟೆಯಲ್ಲಿ 'ಕುಮ್ಟಾ' ಅಂತಲೇ ಹೆಸರು. ಹತ್ತಿಯ ಒಂದು ಗಿಡವನ್ನೂ ಬೆಳೆಯದ ಬಂದರಿನ ಹೆಸರು ಹತ್ತಿಗೆ! 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ನಿಂತುಹೋದಾಗ ಇಂಗ್ಲೆಂಡಿನ ಗಿರಣಿಗಳು ಇತ್ತ ತಿರುಗಿದವು, ಹತ್ತಿಯ ದರ ಗಗನಕ್ಕೆ ಹೋಯಿತು. ಅದೇ ಹೊತ್ತಿಗೆ, 1862ರಲ್ಲಿ, ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ಕಿತ್ತು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದರು. ಅದರ ಹಿಂದೆಯೂ ಕಾರವಾರ ಬಂದರು, ಹತ್ತಿಯ ದಾರಿ ಇವೇ ಕಾರಣ. ನಮ್ಮ ಜಿಲ್ಲೆಗಳ ನಕ್ಷೆ ಬರೆದವರಲ್ಲಿ ಎತ್ತುಗಳ ಪಾಲೂ ಇದೆ ಅನ್ನಬಹುದು.

ಹಾವೇರಿಯಿಂದ ಕುಮಟಾಕ್ಕೆ ನೂರ ನಲವತ್ತು ಕಿಲೋಮೀಟರ್ ಆಸುಪಾಸು. ಗಂಟೆಗೆ ಮೂರು-ನಾಲ್ಕು ಕಿಲೋಮೀಟರ್ ನಡೆಯುವ ಎತ್ತಿಗೆ ಆರೇಳು ದಿನದ ದಾರಿ. ಈ ವೇಗದಲ್ಲಿ ಗಾಳಿಯ ತಡೆ ಲೆಕ್ಕಕ್ಕೇ ಇಲ್ಲ. ಹಾಗಿದ್ದರೆ ಚಕ್ಕಡಿಗಳು ಸಾಲಾಗಿ ಹೋಗಿ ಉಳಿಸಿದ್ದೇನು? ಇದಕ್ಕೆ ಉತ್ತರ ಕಾಕಾನ ಹತ್ತಿರ ಇತ್ತು, ಅಜ್ಜನ ಕತೆಯಲ್ಲಿ.

ಅಜ್ಜ ಕುಮಟಾಕ್ಕೆ ಹೋದವರಲ್ಲ. ಅವರ ಕಾಲಕ್ಕೆ ಪೇಟೆ ಅಂದರೆ ಬ್ಯಾಡಗಿ. ಮೆಣಸಿನಕಾಯಿ ಸುಗ್ಗಿಯಲ್ಲಿ ಹೊಸರಿತ್ತಿಯಿಂದ ಏಳೆಂಟು ಚಕ್ಕಡಿ ಕೂಡಿ ಸಂಜೆ ಹೂಡಿದರೆ ಬೆಳಗಾಗುವ ಹೊತ್ತಿಗೆ ಬ್ಯಾಡಗಿ. ಮುಂದಿನ ಚಕ್ಕಡಿಯ ಎತ್ತು ದಾರಿ ಬಲ್ಲವಾಗಿರಬೇಕು, ಹೊಡೆಯುವವನು ನಿದ್ದೆ ಮಾಡಬಾರದು. ಅವನ ಗಾಡಿಯ ಅಡಿಗೆ ಕಂದೀಲು ತೂಗುತ್ತಿರುತ್ತೆ. ಹಿಂದಿನ ಚಕ್ಕಡಿಗಳ ಎತ್ತು ಆ ಬೆಳಕಿಗೆ, ಮುಂದಿನ ಗಾಡಿಯ ಸದ್ದಿಗೆ ಹೆಜ್ಜೆ ಹಾಕುತ್ತವೆ. ಹಿಂದಿನವರು ಚೀಲದ ಮೇಲೆ ಕಂಬಳಿ ಹೊದ್ದು ಮಲಗುತ್ತಾರೆ. ಏರು ಬಂದರೆ ಒಂದು ಚಕ್ಕಡಿಯ ಎತ್ತು ಬಿಚ್ಚಿ ಇನ್ನೊಂದಕ್ಕೆ ಕಟ್ಟಿ, ನಾಲ್ಕೆತ್ತಿನಿಂದ ಎಳೆಸಿ, ಮತ್ತೆ ಕೆಳಗಿಳಿದು ಮುಂದಿನದನ್ನು ಏರಿಸುತ್ತಾರೆ. ಕೆಲವೇ ಕಡೆ ಬೇಕಾಗುವ ಹೆಚ್ಚಿನ ಬಲಕ್ಕೆ ಅಂತ ಪ್ರತಿ ಮನೆಯಲ್ಲೂ ಎರಡು ಜೋಡಿ ಸಾಕಿ ವರ್ಷವಿಡೀ ಕಣಕಿ ಹಾಕುವ ಗೋಜಿಲ್ಲ. ಅದೇ ಉಳಿತಾಯ.

ಆಮೇಲೆ ಕಾಕಾ ಹೇಳಿದ ಒಂದು ಸಂಗತಿ ನನ್ನ ಸ್ಲೈಡಿಗೆ ನೇರವಾಗಿ ತಾಗಿತು. ಬ್ಯಾಡಗಿ ತಲುಪಿದ ಮೇಲೆ ಮುಂದಿನ ಚಕ್ಕಡಿಯವನ ನಾಷ್ಟಾ, ಚಹಾದ ರೊಕ್ಕ ಹಿಂದಿನವರು ಕೂಡಿ ಕೊಡಬೇಕು. ಅವನಿಗೆ ರಾತ್ರಿಯ ನಿದ್ದೆ ಹೋಗಿದೆಯಲ್ಲ, ಅದರ ಬಾಕಿ. ಮುಂದಿನ ವಾರ ಬೇರೆಯವನ ಚಕ್ಕಡಿ ಮುಂದೆ. "ಯಾರೂ ಬರೆದಿಟ್ಟಿದ್ದಿಲ್ಲ. ಆದ್ರ ತಪ್ಪಿದವನ್ನ ಮುಂದಿನ ಸಲ ಸಾಲಿನ್ಯಾಗ ಸೇರಿಸ್ತಿದ್ದಿಲ್ಲ" ಅಂದರು.

ಈ ಹುಲ್ಲಿನ ಇಂಧನಕ್ಕೆ ಇದ್ದ ದೊಡ್ಡ ದೋಷ 1876-78ರ ಬರದಲ್ಲಿ ಬಯಲಾಯಿತು. ಧಾರವಾಡ, ಕಲಾದಗಿ ಸೀಮೆ ಒಣಗಿತು. ಮನುಷ್ಯನಿಗೆ ಕಾಳಿಲ್ಲದ ವರ್ಷವೇ ಎತ್ತಿಗೆ ಮೇವೂ ಇಲ್ಲ. ಕಾಳು ತರಬೇಕಾದ ಎತ್ತುಗಳೇ ಸಾಯುತ್ತಿರುವಾಗ ಕಾಳು ಬರೋದು ಹೇಗೆ? ಇಂಧನವೂ ಬೆಳೆಯೂ ಒಂದೇ ಮಳೆಗೆ ಕಾಯುವ ವ್ಯವಸ್ಥೆ ಎರಡನ್ನೂ ಒಟ್ಟಿಗೇ ಕಳೆದುಕೊಂಡಿತು. ಬರ ಬಂದರೆ ಧಾನ್ಯ ಸಾಗಿಸಲು ರೈಲು ಬೇಕು ಅನ್ನುವ ಮಾತಿಗೆ ಆಮೇಲೆ ಬಲ ಬಂತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿ, ಆ ದಶಕದಲ್ಲೇ ಹುಬ್ಬಳ್ಳಿ-ಹರಿಹರ ದಾರಿ ಆಯಿತು. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು ಮೂರಕ್ಕೂ ಸ್ಟೇಷನ್ ಬಂತು.

ಯೋಚಿಸಿ ನೋಡಿ, ರೈಲು ಅಂದರೆ ಏನು? ಗಾಡಿಗಳನ್ನು ಒಂದರ ಹಿಂದೆ ಒಂದು ಕೊಂಡಿ ಹಾಕಿ ನಿಲ್ಲಿಸಿದ ಸಾಲು. ನಡುವೆ ಅಂತರವೇ ಇಲ್ಲ. ಗಾಳಿಯನ್ನು ಸೀಳುವ ಕೆಲಸ ಒಂದೇ ಎಂಜಿನ್ನಿಗೆ. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಉರುಳುವಾಗ ಆಗುವ ತಡೆ, ರಸ್ತೆಯ ಮೇಲೆ ಲಾರಿ ಟೈರಿಗೆ ಆಗುವುದಕ್ಕಿಂತ ನಾಲ್ಕೈದು ಪಟ್ಟಾದರೂ ಕಡಿಮೆ. ಮುಖ್ಯವಾಗಿ, ಮುಂದಿನ ಬೋಗಿ ನಿಂತರೆ ಹಿಂದಿನದು ನಿಲ್ಲಲೇಬೇಕು. ನಂಬಿಕೆಯ ಜಾಗದಲ್ಲಿ ಕಬ್ಬಿಣದ ಕೊಂಡಿ ಬಂತು.

ಕೊಂಡಿ ಬಂದ ಮೇಲೆ ಹಳೇ ಸಾಲುಗಳು ಚದುರಿದವು. ಹತ್ತಿಯೆಲ್ಲ ರೈಲು ಹತ್ತಿ ಹೋಗತೊಡಗಿ ಕುಮಟಾ ಬಂದರು ಮಂಕಾಯಿತು. ಲಂಬಾಣಿಗಳ ಸಾಗಾಟ ಸತ್ತೇಹೋಯಿತು. ತಲೆತಲಾಂತರದಿಂದ ದೇಶದ ಧಾನ್ಯ ಹೊತ್ತು ತಿರುಗಿದವರು ಕೂಲಿಗೆ, ಕಟ್ಟಿಗೆ ಮಾರಲಿಕ್ಕೆ ಇಳಿದರು. ಅಲೆದಾಡುವವರೆಲ್ಲ ಕಳ್ಳರು ಅನ್ನುವ 1871ರ ಬ್ರಿಟಿಷ್ ಕಾನೂನಿನ ಪಟ್ಟಿಗೆ ಹಲವು ಕಡೆ ಇವರನ್ನೂ ಸೇರಿಸಿದರು. ಆ ಕಳಂಕ ಕಾಗದದ ಮೇಲಾದರೂ ಅಳಿಯಲು 1952 ಬರಬೇಕಾಯಿತು. ಸಾಗಾಟದ ತಂತ್ರ ಬದಲಾದಾಗ ಯಾರಿಗೆ ಎಷ್ಟು ಉಳಿಯಿತು ಅಂತ ಲೆಕ್ಕ ಹಾಕುವ ನಾವು, ಆ ಉಳಿತಾಯ ಯಾರ ತಟ್ಟೆಯಿಂದ ಬಂತು ಅಂತ ಕೇಳೋದು ಕಡಿಮೆ.

ಇನ್ನು ಲಾರಿ. ಸ್ವಾತಂತ್ರ್ಯದ ನಂತರ ಸರಕು ನಿಧಾನಕ್ಕೆ ಹಳಿ ಬಿಟ್ಟು ರಸ್ತೆಗೆ ಬಂತು. ಲಾರಿಗೆ ಒಂದು ದೊಡ್ಡ ಗುಣ ಇದೆ, ಅದು ಹೊಲದ ಬದುವಿಗೇ ಬಂದು ನಿಲ್ಲುತ್ತೆ. ವಿಜಯ ಸಂಕೇಶ್ವರರು ಗದಗದಲ್ಲಿ 1976ರಲ್ಲಿ ಒಂದೇ ಒಂದು ಲಾರಿಯಿಂದ ಶುರುಮಾಡಿದ್ದು ಈ ಭಾಗದ ಹುಡುಗರಿಗೆಲ್ಲ ಗೊತ್ತಿದ್ದ ಕತೆ. ಒಂದು ಲಾರಿ ಇದ್ದರೆ ಮುಂದೆ ಏನು ಬೇಕಾದರೂ ಆದೀತು ಅನ್ನುವ ಆಸೆ ಮನೆಮನೆಯಲ್ಲಿತ್ತು. ಕಾಕಾ ಕ್ಲೀನರ್ ಆಗಿ ಸೇರಿ, ನಾಲ್ಕು ವರ್ಷಕ್ಕೆ ಡ್ರೈವರ್ ಆದರು.

ಆಗಿನ ಲೆಕ್ಕ ಹೀಗಿತ್ತು. ಮಾಲೀಕ ಒಂದು ಟ್ರಿಪ್ಪಿಗೆ ಇಷ್ಟು ಅಂತ ಡೀಸೆಲ್ ಖರ್ಚು ಮುಂಚೆಯೇ ಕೈಗೆ ಕೊಡುತ್ತಿದ್ದ. ಉಳಿದರೆ ಡ್ರೈವರನದು, ಸಾಲದಿದ್ದರೆ ಅದೂ ಡ್ರೈವರನದೇ. ಈಗಲೂ ಎಷ್ಟೋ ಕಡೆ ಹೀಗೇ ಇದೆ. ಹಾಗಾಗಿ ಡ್ರೈವರುಗಳಿಗೆ ಡೀಸೆಲ್ ಉಳಿಸುವ ನೂರು ಉಪಾಯ ಗೊತ್ತು. ಇಳಿಜಾರಿನಲ್ಲಿ ನ್ಯೂಟ್ರಲ್‌ಗೆ ಹಾಕೋದು ಒಂದು. ತಾಡಪತ್ರಿ ಪಟಪಟ ಬಡಿಯದ ಹಾಗೆ ಹಗ್ಗ ಬಿಗಿಯೋದು ಇನ್ನೊಂದು. ಎತ್ತರದ ಟ್ಯಾಂಕರೋ ಕಂಟೇನರೋ ಸಿಕ್ಕರೆ ಅದರ ಬಾಲ ಹಿಡಿಯೋದು ಮತ್ತೊಂದು. ಗಾಳಿ ಕಡಿಮೆಯಾದದ್ದು ಸ್ಟೇರಿಂಗಿನಲ್ಲೇ ಗೊತ್ತಾಗುತ್ತೆ ಅನ್ನುತ್ತಾರೆ ಕಾಕಾ. ವಿಮಾನ ಶಾಸ್ತ್ರದ ಗಾಳಿಸುರಂಗದಲ್ಲಿ ಅಳೆಯುವುದನ್ನು ಅವರು ಅಂಗೈಯಲ್ಲಿ ಅಳೆದಿದ್ದರು.

1996ರ ಚಳಿಗಾಲ. ಬ್ಯಾಡಗಿಯಿಂದ ಮೆಣಸಿನಕಾಯಿ ಹೇರಿಕೊಂಡು ಬೆಂಗಳೂರಿನ ಕಡೆ ಹೊರಟಿದ್ದರು. ಹೆದ್ದಾರಿ ಆಗಿನ್ನೂ ನಾಲ್ಕು ಪಥ ಆಗಿರಲಿಲ್ಲ. ಹರಿಹರದ ಹತ್ತಿರ ಒಂದು ಟ್ಯಾಂಕರಿನ ಬೆನ್ನ ಹಿಂದೆ ಸೇರಿಕೊಂಡರು. ಏಳೆಂಟು ಮೀಟರ್ ಅಂತರ, ಅರವತ್ತರ ವೇಗ. ಅರವತ್ತರಲ್ಲಿ ಲಾರಿ ಒಂದು ಸೆಕೆಂಡಿಗೆ ಹತ್ತಿರತ್ತಿರ ಹದಿನೇಳು ಮೀಟರ್ ಹೋಗುತ್ತೆ. ಮುಂದಿನವನ ಬ್ರೇಕ್ ದೀಪ ಕಂಡು ನಮ್ಮ ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಬೇಕು. ಅಂದರೆ ಏಳೆಂಟು ಮೀಟರ್ ಅನ್ನೋದು ಅಂತರವೇ ಅಲ್ಲ. ಟ್ಯಾಂಕರ್ ಬ್ರೇಕ್ ಹಾಕಿತು, ಅದರ ದೀಪವೂ ಉರಿಯಲಿಲ್ಲ. ಅದರ ಮುಂದೆ ಏನಿತ್ತು ಅಂತ ಕಾಕಾಗೆ ಕಾಣಲೇ ಇಲ್ಲ. ಆಮೇಲೆ ಗೊತ್ತಾಯಿತು: ಕತ್ತಲೆಯಲ್ಲಿ ದೀಪವಿಲ್ಲದೆ ಹೊರಟ ಕಬ್ಬಿನ ಚಕ್ಕಡಿ.

"ನಾ ಬಲಕ್ಕ ಹೊಳ್ಳಿಸಿದೆ ತಮ್ಮಾ" ಅಂದರು ಕಾಕಾ, ಚಹಾದ ಲೋಟ ಕೆಳಗಿಟ್ಟು. ಡ್ರೈವರ್ ಕೂರೋದು ಬಲಕ್ಕೆ. ಬಲಕ್ಕೆ ಹೊಳ್ಳಿಸಿದರೆ ಬಡಿಯೋದು ಎಡಭಾಗ. ಎಡಕ್ಕೆ ಕ್ಲೀನರ್ ಮಲಗಿದ್ದ. ನಮ್ಮೂರಿನ ಹುಡುಗ, ಹದಿನೆಂಟು ತುಂಬಿತ್ತೋ ಇಲ್ಲವೋ. ಮೊಣಕಾಲ ಕೆಳಗೆ ಎಡಗಾಲು ತೆಗೆಯಬೇಕಾಯಿತು. ಕಾಕಾನ ಹಣೆಗೆ ಮೂರು ಹೊಲಿಗೆ. ಆ ರಾತ್ರಿ ಉಳಿಯಬಹುದಾಗಿದ್ದದ್ದು ಹೆಚ್ಚೆಂದರೆ ಎರಡು-ಮೂರು ಲೀಟರ್ ಡೀಸೆಲ್. ಅವರು ಮತ್ತೆ ಸ್ಟೇರಿಂಗ್ ಹಿಡಿಯಲಿಲ್ಲ.

ನಾನು ಸ್ಲೈಡಿಗೆ ಹುಡುಕಿದ ಪ್ರಯೋಗಗಳೆಲ್ಲ ಕಾಕಾನ ಕೈಯಲ್ಲಿ ಇಲ್ಲದಿದ್ದ ಆ ಒಂದು ಸೆಕೆಂಡನ್ನು ಗೆಲ್ಲೋಕೆ ಹೊರಟವು. ಮುಂದಿನ ಲಾರಿ ಬ್ರೇಕ್ ಒತ್ತಿದ ಸುದ್ದಿ ರೇಡಿಯೋ ಮೂಲಕ ಹಿಂದಿನ ಲಾರಿಯ ಬ್ರೇಕಿಗೆ ನೇರವಾಗಿ ತಲುಪುತ್ತೆ, ಕಣ್ಣು ಕಾಲುಗಳ ಮಧ್ಯಸ್ಥಿಕೆ ಇಲ್ಲದೆ. 2012ರಲ್ಲಿ ಯುರೋಪಿನ 'ಸಾರ್ಟ್ರೆ' ಯೋಜನೆಯವರು ಸ್ಪೇನಿನ ಸಾರ್ವಜನಿಕ ಹೆದ್ದಾರಿಯಲ್ಲಿ ಒಂದು ಲಾರಿಯ ಹಿಂದೆ ವಾಹನಗಳನ್ನು ಆರು ಮೀಟರ್ ಅಂತರದಲ್ಲಿ, ಗಂಟೆಗೆ 85 ಕಿ.ಮೀ. ವೇಗದಲ್ಲಿ ಓಡಿಸಿ ತೋರಿಸಿದರು. ಹಿಂದಿನ ಗಾಡಿಯವರು ಪೇಪರ್ ಓದಬಹುದು ಅನ್ನೋದು ಅವರ ಆಸೆ. ನಮ್ಮಜ್ಜನ ಕಾಲದ ಕಂಬಳಿ ನಿದ್ದೆಯೇ ಅದು! 2013ರಲ್ಲಿ ಅಮೆರಿಕದ ಪೆಲೊಟನ್ ಕಂಪನಿಯ ಎರಡು ಲಾರಿ ಪರೀಕ್ಷೆಯಲ್ಲಿ, ಸುಮಾರು 11 ಮೀಟರ್ ಅಂತರದಲ್ಲಿ, ಗಂಟೆಗೆ 103 ಕಿ.ಮೀ. ವೇಗಕ್ಕೆ, ಮುಂದಿನದಕ್ಕೆ ಶೇಕಡಾ 4.5, ಹಿಂದಿನದಕ್ಕೆ ಶೇಕಡಾ 10 ಇಂಧನ ಉಳಿಯಿತು. 2016ರ ಏಪ್ರಿಲಿನಲ್ಲಿ ಯುರೋಪಿನ ಆರು ದೊಡ್ಡ ಲಾರಿ ಕಂಪನಿಗಳು ಬೇರೆ ಬೇರೆ ದೇಶಗಳಿಂದ ಸಾಲು ಹೊರಡಿಸಿ ರಾಟರ್‌ಡ್ಯಾಮ್ ಬಂದರಿಗೆ ತಲುಪಿಸಿದವು.

ಆಮೇಲೆ? 2019ರ ಜನವರಿಯಲ್ಲಿ ಡೈಮ್ಲರ್ ಕೈಚೆಲ್ಲಿತು. ನಿಜವಾದ ರಸ್ತೆಯಲ್ಲಿ ನಡುವೆ ಕಾರುಗಳು ನುಗ್ಗುತ್ತವೆ, ಸಾಲು ಒಡೆಯುತ್ತೆ, ಮತ್ತೆ ಕೂಡಲು ಹಿಂದಿನ ಲಾರಿ ವೇಗ ಹೆಚ್ಚಿಸಬೇಕು, ಉಳಿದದ್ದು ಅಲ್ಲೇ ಸುಡುತ್ತೆ. ಅಂದುಕೊಂಡಷ್ಟು ಲಾಭ ಇಲ್ಲ ಅಂತ ಹೇಳಿತು. 2021ರಲ್ಲಿ ಪೆಲೊಟನ್ ಬಾಗಿಲು ಮುಚ್ಚಿತು. ಇನ್ನೊಂದು ತೊಡಕು ಕೊನೆವರೆಗೂ ಕಾಡಿತು. ಮುಂದಿನವನಿಗೆ 4.5, ಹಿಂದಿನವನಿಗೆ 10 ಆದರೆ, ಬೇರೆ ಬೇರೆ ಮಾಲೀಕರ ಲಾರಿಗಳಲ್ಲಿ ಮುಂದೆ ಹೋಗೋದು ಯಾರು? ವ್ಯತ್ಯಾಸ ತುಂಬಿಕೊಡೋದು ಯಾರು? ಬ್ಯಾಡಗಿಯ ನಾಷ್ಟಾದ ರೊಕ್ಕಕ್ಕೆ ಸಮನಾದ ಒಂದು ಏರ್ಪಾಡು ಅಲ್ಲಿ ಗಟ್ಟಿಯಾಗಿ ಕೂರಲೇ ಇಲ್ಲ.

ನಮ್ಮ ದೇಶದ ಮಾತು ಇನ್ನೂ ಬೇರೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತೆ. ಎಂಬತ್ತರಿಂದ ಅರವತ್ತಕ್ಕೆ ಇಳಿದರೆ ತಡೆ ಹೆಚ್ಚುಕಡಿಮೆ ಅರ್ಧವಾಗುತ್ತೆ. ನಮ್ಮ ತುಂಬಿದ ಲಾರಿ ಓಡೋದೇ ನಿಧಾನ. 2017ರಲ್ಲಿ ಭಾರೀ ವಾಹನಗಳಿಗೆ ಇಂಧನ ಮಿತಿ ಹಾಕಿದಾಗ ಸರಕಾರ ಪರೀಕ್ಷೆಗೆ ಆರಿಸಿದ ವೇಗವೂ 40 ಮತ್ತು 60 ಕಿ.ಮೀ. ಮಾತ್ರ. ಅಲ್ಲಿ ಮರೆಯ ಲಾಭ ಸಣ್ಣದು. ನೀವೇ ಲೆಕ್ಕ ಹಾಕಿ: ಬ್ಯಾಡಗಿಯಿಂದ ಬೆಂಗಳೂರಿಗೆ ಸುಮಾರು 330 ಕಿ.ಮೀ. ಲೀಟರಿಗೆ ನಾಲ್ಕು ಕಿ.ಮೀ. ಕೊಡುವ ಲಾರಿಗೆ 82 ಲೀಟರ್. ಶೇಕಡಾ ಐದು ಉಳಿದರೂ ನಾಲ್ಕು ಲೀಟರ್, ಇವತ್ತಿನ ದರದಲ್ಲಿ ನಾನ್ನೂರು ರೂಪಾಯಿಯೊಳಗೆ. ನಮ್ಮಲ್ಲಿ ಎಷ್ಟೋ ಜನ ಒಂದು ಸಂಜೆ ಕಾಫಿಗೆ ಕೊಡುವ ದುಡ್ಡು. ಆದರೆ ಟ್ರಿಪ್ಪಿನ ಲೆಕ್ಕದಲ್ಲಿ ಬದುಕುವವನಿಗೆ ಅದು ದೊಡ್ಡದು, ಅದಕ್ಕೇ ಅವನು ಬಾಲ ಹಿಡಿಯುತ್ತಾನೆ.

ನಿಜವಾಗಿ ಲಾರಿಗಳನ್ನು ಹತ್ತಿರತ್ತಿರ ನಿಲ್ಲಿಸಿ ಸಾಗಿಸಿ ಡೀಸೆಲ್ ಉಳಿಸಿದ ಉದಾಹರಣೆ ನಮ್ಮಲ್ಲೇ ಇದೆ. ಅದು ಹಳಿಯ ಮೇಲೆ. ಕೊಂಕಣ ರೈಲ್ವೆ 1999ರಲ್ಲಿ 'ರೋ-ರೋ' ಶುರುಮಾಡಿತು. ತುಂಬಿದ ಲಾರಿಗಳು ಚಪ್ಪಟೆ ಬೋಗಿಗಳ ಮೇಲೆ ಹತ್ತಿ ನಿಲ್ಲುತ್ತವೆ, ಮೊದಲು ಮಹಾರಾಷ್ಟ್ರದ ಕೊಲಾಡದಿಂದ ಗೋವಾದ ವೆರ್ಣಾಕ್ಕೆ, ಆಮೇಲೆ ನಮ್ಮ ಸುರತ್ಕಲ್‌ವರೆಗೂ. ಡ್ರೈವರ್ ಕ್ಲೀನರ್ ಇಬ್ಬರೂ ಎಂಜಿನ್ ಆರಿಸಿ ಜೊತೆಗೇ ಹೋಗುತ್ತಾರೆ. 2020ರ ಆಗಸ್ಟ್ 30ರಂದು ನೆಲಮಂಗಲದಿಂದ ಸೊಲ್ಲಾಪುರದ ಬಾಳೆಗೆ ಇಂಥದೇ ರೈಲು ಹೊರಟಿತು: 42 ಲಾರಿ, 682 ಕಿಲೋಮೀಟರ್. ಕೊಂಕಣದ ರೈಲಿನ ವಿಷಯ ಹೇಳಿದಾಗ ಕಾಕಾ ಕೇಳಿದ ಮೊದಲ ಪ್ರಶ್ನೆ, "ಕ್ಲೀನರ್ ಹುಡುಗರು ನಿದ್ದಿ ಮಾಡ್ತಾರೇನು?"

"ಮಾಡ್ತಾರ" ಅಂದೆ.

"ಹಂಗಾರ ಛಲೋ."

ಅಲ್ಲಿಗೆ ನನಗೆ ಕಾಕಾನ ಮಾತು ತಿಳಿಯಿತು. ತಾಂಡಾಕ್ಕೆ ನಾಯಕನಿದ್ದ. ಚಕ್ಕಡಿ ಸಾಲಿಗೆ ನಾಷ್ಟಾದ ಕಟ್ಟಳೆ ಇತ್ತು. ರೈಲಿಗೆ ಕೊಂಡಿ ಇದೆ, ಪ್ಲಟೂನಿಗೆ ರೇಡಿಯೋ. ಇವೆಲ್ಲದರಲ್ಲೂ ಮುಂದಿನವನಿಗೆ ತನ್ನ ಹಿಂದೆ ಯಾರೋ ತನ್ನನ್ನು ನಂಬಿ ಬರುತ್ತಿದ್ದಾರೆ ಅಂತ ಗೊತ್ತು, ಅವನು ಅದಕ್ಕೆ ಒಪ್ಪಿದ್ದಾನೆ. ಕಾಕಾ ಬಾಲ ಹಿಡಿದ ಟ್ಯಾಂಕರಿನವನಿಗೆ ಏನೂ ಗೊತ್ತಿರಲಿಲ್ಲ. ಹಿರಿಯೂರು ದಾಟಿ ನಾನು ಹಿಂಬಾಲಿಸಿದ ಕಂಟೇನರಿನವನಿಗೂ ಗೊತ್ತಿರಲಿಲ್ಲ.

ಹಬ್ಬದ ಮರುದಿನ ಕಾಕಾ ನನ್ನನ್ನು ಊರ ಹೊರಗಿನ ಪಂಕ್ಚರ್ ಅಂಗಡಿಗೆ ಕರೆದುಕೊಂಡು ಹೋದರು. ಕರ್ಚಿಕಾಯಿ, ಚಕ್ಕುಲಿಯ ಒಂದು ಡಬ್ಬಿ, ಒಂದು ಲಕೋಟೆ. ಪ್ರತಿ ವರ್ಷ ಹೋಗುತ್ತಾರಂತೆ, ನನಗೆ ಇಷ್ಟು ದಿನ ಗೊತ್ತೇ ಇರಲಿಲ್ಲ. ಅಂಗಡಿಯವನಿಗೆ ಈಗ ನಲವತ್ತೈದು ದಾಟಿದೆ. ಟ್ಯೂಬಿಗೆ ತೇಪೆ ಹಚ್ಚುತ್ತಲೇ "ಬರ್ರಿ ಅಣ್ಣಾರ" ಅಂದ. ಇಬ್ಬರೂ ಮೆಣಸಿನಕಾಯಿ ದರದ ಬಗ್ಗೆ, ಈ ಸಲದ ಮಳೆ ಬಗ್ಗೆ ಮಾತಾಡಿದರು. ಲಕೋಟೆಯನ್ನು ಅವನು ಎರಡು ಸಲ ಬೇಡ ಅಂದು ಮೂರನೇ ಸಲಕ್ಕೆ ತಗೊಂಡ. ಹೊರಡುವಾಗ ನನ್ನ ಕಾರಿನ ಟೈರು ಒತ್ತಿ ನೋಡಿ, ಗಾಳಿ ಕಡಿಮೆಯಾಗಿದೆ ಅಂತ ನಾಲ್ಕಕ್ಕೂ ತುಂಬಿಸಿದ. "ಗಾಳಿ ಸರಿ ಇದ್ರ ಪೆಟ್ರೋಲ್ ಉಳೀತೈತ್ರಿ" ಅಂದ. ದುಡ್ಡು ತಗೊಳ್ಳಲಿಲ್ಲ.

ಬೆಂಗಳೂರಿಗೆ ಮರಳಿ ಸ್ಲೈಡ್ ಮುಗಿಸಿದೆ. ಇಪ್ಪತ್ತು ಕೇಳಿದ್ದರು, ಒಂಬತ್ತಾಯಿತು. ಪ್ಲಟೂನಿಂಗ್ ಸದ್ಯಕ್ಕೆ ಬೇಡ, ವೇಗ ಅರವತ್ತಕ್ಕೆ ಕಟ್ಟೋಣ, ಟೈರಿನ ಗಾಳಿ ನೋಡೋಣ, ಮಾರ್ಕೆಟ್ ಯಾರ್ಡಿನ ಮುಂದೆ ಎಂಜಿನ್ ಚಾಲೂ ಇಟ್ಟು ಕಾಯುವ ಗಂಟೆಗಳನ್ನು ಕಡಿಮೆ ಮಾಡೋಣ, ಉಳಿದದ್ದರಲ್ಲಿ ಡ್ರೈವರಿಗೂ ಕ್ಲೀನರಿಗೂ ಇಷ್ಟಿಷ್ಟು ಪಾಲು ಅಂತ ಬರೆದುಕೊಡೋಣ ಅಂದೆ. ಮೊದಲ ಮೂರಕ್ಕೆ ಎಲ್ಲರೂ ತಲೆಯಾಡಿಸಿದರು. ನಾಲ್ಕನೆಯದನ್ನು ಮುಂದಿನ ಮೀಟಿಂಗಿಗೆ ಇಟ್ಟಿದ್ದಾರೆ.